ಒಂದೇ ಕಾಲಮ್ಮಿನ ಧೀರ

ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಾ ಕುಡಿದು, ಅಚ್ಚಿನ ಮೊಳೆ ಜೋಡಿಸುವ ಕಾಲದ ಬಗ್ಗೆ ನಾಲ್ಕು ಮಾತು ಕೇಳಿ, ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ನಿಲ್ಲುತ್ತಾರೆ. ನಿಮ್ಮಲ್ಲಿ ಭಾನುವಾರ ‘ವಾರದ ಧೀರ’ ಅಂತ ಅಂಕಣ ಇತ್ತಂತೆ, ಅದು ಯಾಕೆ ನಿಂತಿತು? ಈಗಿನ ಕತೆಗಳಲ್ಲಿ ಧೀರರೇ ಇಲ್ಲ, ಪತ್ರಿಕೆಗಳಲ್ಲಿ ಬರೀ ಕಳ್ಳರು, ನಿಮ್ಮ ಕಾಲವೇ ಚೆನ್ನಾಗಿತ್ತು ಎನ್ನುತ್ತಾರೆ. ನಾನು ಜಾಗ ಸಾಲಲಿಲ್ಲ, ಜಾಹೀರಾತು ಬಂತು ಎಂದು ಹಾರಿಕೆಯ ಉತ್ತರ ಕೊಟ್ಟು ಕಳಿಸುತ್ತಿದ್ದೆ. ಅದು ಸುಳ್ಳು. ಅಂಕಣ ನಿಂತದ್ದಕ್ಕೆ ಕಾರಣ ನೇತ್ರಾವತಿಯಲ್ಲಿ ಹೋದ ಒಂದು ಜೀವ ಮತ್ತು ನಾನು ಬರೆದ ಒಂದು ಪದ. ಈ ಕೆಲಸಕ್ಕೆ ಬರುವವರಿಗೆ ಅದು ಗೊತ್ತಿರಬೇಕು.

ನಾನು ಸೇರಿದ್ದು ಐವತ್ತರ ದಶಕದಲ್ಲಿ. ಕಾವೂರಿನಿಂದ ಸೈಕಲ್ ತುಳಿದು ಹಂಪನಕಟ್ಟೆಯ ಹತ್ತಿರದ ಕಚೇರಿಗೆ ಬರುತ್ತಿದ್ದೆ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಹೊಟ್ಟೆಪಾಡಿಗೆ ಕನ್ನಡ. ಕ್ರೈಸ್ತನಾದ್ದರಿಂದ ಊರಿನ ರೂಢಿಯಂತೆ ಕಚೇರಿಯಲ್ಲೂ ನಾನು ‘ಪೊರ್ಬುಗಳು’ ಆದೆ. ಲಾರೆನ್ಸ್ ಎಂಬ ನನ್ನ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಇತ್ತು.

ಸಂಪಾದಕರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಸ್ವಾತಂತ್ರ್ಯದ ಗಲಾಟೆಯಲ್ಲಿ ಜೈಲಿಗೆ ಹೋಗಿ ಬಂದವರು. ಖಾದಿ ಜುಬ್ಬಾ, ಕಿವಿಯ ಮೇಲೆ ಕೆಂಪು ಪೆನ್ಸಿಲ್. ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆ. ಹೆದರಿಕೆಯಿಂದಲ್ಲ, ಅವರ ಮುಂದೆ ಬೆನ್ನು ಬಾಗಿಸಿ ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ. ನನ್ನ ಪಾಲಿಗೆ ಧೀರ ಎಂದರೆ ಅವರೇ.

‘ವಾರದ ಧೀರ’ ಅವರ ಕೂಸು. ವಾರಕ್ಕೊಬ್ಬ ಮನುಷ್ಯ, ಒಂದು ಮುಖ, ಒಂದು ಕೆಲಸ. ಬಾವಿಗೆ ಬಿದ್ದವರನ್ನು ಎತ್ತಿದವನು, ಹುಚ್ಚು ನಾಯಿಯನ್ನು ತಡೆದವನು. “ಓದುವವನು ಬೆಳಿಗ್ಗೆ ಎದ್ದು ಒಬ್ಬ ಒಳ್ಳೆಯವನ ಮುಖ ನೋಡ್ಬೇಕು ಪೊರ್ಬುಗಳೇ,” ಎನ್ನುತ್ತಿದ್ದರು. ಜಾಗ ಮಾತ್ರ ಒಂದೇ ಕಾಲಂ. ಬ್ಲಾಕ್ ಎಂದರೆ ಮರದ ತುಂಡಿನ ಮೇಲೆ ಬಡಿದ ಸತುವಿನ ತಗಡು, ತಗಡಿನಲ್ಲಿ ಚಿತ್ರ. ಕಾಲಮ್ಮಿಗಿಂತ ಅಗಲವಾದರೆ ಫೋರ್‌ಮನ್ ಬಾಬಣ್ಣ ಗರಗಸ ತೆಗೆದುಕೊಂಡು ಚಿತ್ರವನ್ನು ಮರದ ಸಮೇತ ಕೊಯ್ಯುತ್ತಿದ್ದ. ಮದುವೆಯ ಚಿತ್ರದಲ್ಲಿ ಮಾವನ ಕೈ ಹೋಗುತ್ತಿತ್ತು, ಸಭೆಯ ಚಿತ್ರದಲ್ಲಿ ಅಧ್ಯಕ್ಷರ ಬಲಗಡೆ ಕೂತವರೆಲ್ಲ ಹೋಗುತ್ತಿದ್ದರು. ನಮಗೆ ಅದು ತಮಾಷೆಯ ವಿಷಯವಾಗಿತ್ತು.

ನೇತ್ರಾವತಿಗೆ ಆಗ ರೈಲಿನ ಸೇತುವೆ ಮಾತ್ರ ಇತ್ತು, ರಸ್ತೆಯ ಸೇತುವೆ ಇರಲಿಲ್ಲ. ತೊಕ್ಕೊಟ್ಟು ಕಡೆಯವರು ಪೇಟೆಗೆ ಬರಬೇಕಾದರೆ ಕಡವಿನಲ್ಲಿ ದೋಣಿ ಹತ್ತಬೇಕು. ಒಂದು ಮಳೆಗಾಲ, ಹೊಳೆ ಕೆಂಪಾಗಿ ಉಕ್ಕಿ ಎಲ್ಲ ದೋಣಿಗಳೂ ದಡದಲ್ಲಿ ಕಟ್ಟಿದ್ದಾಗ, ಆಚೆ ದಡದ ಒಬ್ಬಳ ಹೆರಿಗೆ ಕಷ್ಟವಾಗಿ ಸೂಲಗಿತ್ತಿ ನರ್ಸನ್ನು ಸಂಜೀವ ಎಂಬ ದೋಣಿಯವನು ದಾಟಿಸಿದ ಸುದ್ದಿ ಬಂತು. ತಾಯಿಯೂ ಮಗುವೂ ಉಳಿದಿದ್ದರು. ನೀರು ಇಳಿದ ಮೇಲೆ ನಾನು ಫೋಟೋಗ್ರಾಫರನ್ನು ಕರೆದುಕೊಂಡು ಕಡವಿಗೆ ಹೋದೆ.

ಸಂಜೀವ ಮೂವತ್ತರ ಆಳು. ಅಗಲ ಎದೆ, ಮೀಸೆ, ನಗುವಾಗ ಬಿಳಿ ಹಲ್ಲು. ಅಂಕಣಕ್ಕೆ ಹೇಳಿ ಮಾಡಿಸಿದ ಮುಖ. ಪಕ್ಕದಲ್ಲಿ ಅವನ ಅಕ್ಕನ ಗಂಡ ಐತಪ್ಪ ಇದ್ದ. ತೆಳ್ಳಗಿನ ಮನುಷ್ಯ, ಒಂದು ಕಣ್ಣಿನಲ್ಲಿ ಹೂವು ಬಿದ್ದಿತ್ತು.

“ಹೇಗೆ ದಾಟಿಸಿದ್ದು ಮಾರಾಯ, ಅಷ್ಟು ನೀರಿನಲ್ಲಿ?” ಎಂದೆ.

“ನಾನು ಹುಟ್ಟು ಹಾಕಿದ್ದು ಮಾತ್ರ,” ಎಂದ ಸಂಜೀವ. “ಭಾವ ಎದುರಿನಲ್ಲಿ ಕೂತು ನೀರು ನೋಡಿದ್ದು. ಎಲ್ಲಿ ಸುಳಿ ಉಂಟು, ಎಲ್ಲಿ ಮರ ತೇಲಿ ಬರ್ತದೆ, ಎಲ್ಲ ಅವರು ಹೇಳ್ತಾರೆ. ನನಗೆ ಹಿಂದಿನಿಂದ ಎಂತ ಕಾಣ್ತದೆ? ಮಳೆಗಾಲದಲ್ಲಿ ಇಬ್ಬರು ಇಲ್ಲದೆ ದೋಣಿ ಬಿಡ್ಲಿಕ್ಕೆ ಇಲ್ಲ.”

ಐತಪ್ಪ ದೋಣಿಯ ಹಗ್ಗ ಬಿಗಿಯುತ್ತಿದ್ದ. ಫೋಟೋ ತೆಗೆಯುವಾಗ ಕುರುಡು ಕಣ್ಣು ಕಾಣದ ಹಾಗೆ ಮುಖವನ್ನು ಸ್ವಲ್ಪ ತಿರುಗಿಸಿ ನಿಂತ.

ನಾನು ಇಬ್ಬರ ಬಗ್ಗೆಯೂ ಬರೆದೆ. ಶನಿವಾರ ಬ್ಲಾಕ್ ಬಂದಾಗ ಅದು ಎರಡು ಕಾಲಂ ಅಗಲ. ಬಾಬಣ್ಣ ಅದನ್ನು ತಂದು ರಾಯರ ಮೇಜಿನ ಮೇಲಿಟ್ಟ. ರಾಯರು ತಲೆ ಎತ್ತದೆ “ಕತ್ತರಿಸಿ” ಎಂದರು. ಗರಗಸದ ಸದ್ದು ನನಗೆ ಕೇಳಿಸುತ್ತಿತ್ತು, ನಾನು ಪ್ರೂಫ್ ನೋಡುತ್ತಿದ್ದೆ. ಚಿತ್ರದಲ್ಲಿ ಒಬ್ಬನೇ ಇದ್ದು ಬರಹದಲ್ಲಿ ಇಬ್ಬರಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಐತಪ್ಪನ ಎಂಟು ಸಾಲು ಹೊಡೆದು ಹಾಕಿದೆ. ತಲೆಬರಹಕ್ಕೆ ಒಂದು ಪದ ಸಾಲದೆ ಬಂದಾಗ, ಯಾರೂ ಹೇಳದೆ, ನಾನೇ ಸೇರಿಸಿದೆ: ‘ಉಕ್ಕಿದ ಹೊಳೆಯನ್ನು ಒಬ್ಬನೇ ಗೆದ್ದ ಸಂಜೀವ’. ಓದಲು ಬಹಳ ಚಂದ ಇತ್ತು. ರಾಯರು ಬೆನ್ನು ತಟ್ಟಿದರು. ಆ ವಾರ ನಾನು ಸೈಕಲ್ಲಿನಲ್ಲಿ ಹಾಡು ಗುನುಗುತ್ತಾ ಮನೆಗೆ ಹೋದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಕಡವಿನ ಚಾದಂಗಡಿಯವನು ಆ ಪುಟಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗು ಹಾಕಿದ. ಸಂಜೀವ ‘ಧೀರ ಸಂಜೀವ’ ಆದ. ಬೇರೆ ದೋಣಿ ಖಾಲಿ ಇದ್ದರೂ ಜನ ಅವನದ್ದಕ್ಕೇ ಕಾಯುತ್ತಿದ್ದರು.

ಅದೇ ಕಾಲದಲ್ಲಿ ಕತೆಗಳ ರೀತಿಯೂ ಬದಲಾಗುತ್ತಿತ್ತು. ಭಾನುವಾರದ ಕತೆಗಳನ್ನು ನೋಡುವ ಕೆಲಸವೂ ನನ್ನದೇ. ಮೊದಲು ಬರುತ್ತಿದ್ದ ಕತೆಗಳಲ್ಲಿ ನಾಯಕ ಎಂಬುವನು ಬೆಂಕಿಗೆ ಹಾರುತ್ತಿದ್ದ, ಸಾಹುಕಾರನಿಗೆ ಎದುರು ನಿಲ್ಲುತ್ತಿದ್ದ. ಈಗ ಬರುವ ಕತೆಗಳಲ್ಲಿ ಗುಮಾಸ್ತ ಬಸ್ಸಿಗೆ ಕಾಯುತ್ತಾನೆ, ಬಸ್ಸು ಬರುವುದಿಲ್ಲ, ಕತೆ ಮುಗಿಯಿತು. ರಾಯರು ಅವನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಕೂಳೂರಿನ ಲಿಲ್ಲಿ ಟೀಚರ್ ಎಂಬವರು ಒಂದು ಕತೆ ಕಳಿಸಿದರು. ನೆರೆಮನೆಗೆ ಬೆಂಕಿ ಬಿದ್ದಾಗ ಒಬ್ಬ ಮನುಷ್ಯ ನೀರಿನ ಬಾಲ್ದಿ ಹಿಡಿದು ಅಂಗಳದಲ್ಲಿ ನಡುಗುತ್ತಾ ನಿಲ್ಲುತ್ತಾನೆ, ಒಳಗೆ ಹೋಗುವುದಿಲ್ಲ. ಅಷ್ಟೇ.

“ಇದರಲ್ಲಿ ನಾಯಕ ಎಲ್ಲಿ?” ಎಂದರು ರಾಯರು. “ಬರವಣಿಗೆ ಚೆನ್ನಾಗಿ ಉಂಟು. ಕೊನೆ ನೀವು ಸರಿ ಮಾಡಿ.”

ಸರಿ ಮಾಡಿದೆ. ಬಾಲ್ದಿ ಎಸೆದು ಅವನನ್ನು ಬೆಂಕಿಯೊಳಗೆ ನುಗ್ಗಿಸಿದೆ. ಮುಂದಿನ ವಾರ ಒಂದು ಕಾರ್ಡು ಬಂತು. ‘ಆ ಮನುಷ್ಯ ನನ್ನ ಅಪ್ಪ. ಅವರು ಒಳಗೆ ಹೋಗಿರಲಿಲ್ಲ, ಊರಿಗೆಲ್ಲ ಗೊತ್ತು. ಈಗ ಇಗರ್ಜಿಯಿಂದ ಬರುವಾಗ ಜನ ಅವರನ್ನು ನೋಡಿ ನಗುತ್ತಾರೆ. ಇನ್ನು ನಿಮಗೆ ಬರೆಯುವುದಿಲ್ಲ.’ ನಾನು ಕಾರ್ಡನ್ನು ಡ್ರಾಯರಿನೊಳಗೆ ಹಾಕಿ ಮರೆತುಬಿಟ್ಟೆ. ಮರೆತೆ ಎಂದು ಹೇಳಿಕೊಂಡೆ ಎನ್ನುವುದು ಸರಿ.

ಎರಡು ವರ್ಷ ಕಳೆದು, ಮತ್ತೊಂದು ಮಳೆಗಾಲದ ಗುರುವಾರ ಮಧ್ಯಾಹ್ನ, ಕಡವಿನ ದೋಣಿ ಮಗುಚಿತು ಎಂದು ಸುದ್ದಿ ಬಂತು. ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ಸಂಜೀವನ ದೋಣಿ ಆಗದಿರಲಿ ಎಂದು ಬೇಡುತ್ತಿದ್ದೆ, ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ.

ಅವನದ್ದೇ. ಹದಿನಾರು ಜನ ಹತ್ತಿದ್ದರು. ಹೊಳೆಯ ನಡುವೆ ತೇಲಿ ಬಂದ ಮರವೊಂದು ಎದುರಿಗೆ ಹೊಡೆಯಿತು. ಹತ್ತಿರದಲ್ಲಿ ಬಲೆ ದೋಣಿಯಲ್ಲಿದ್ದ ಐತಪ್ಪ ಮತ್ತು ಅವನ ಜೊತೆಯವರು ನೀರಿಗಿಳಿದು ಹದಿನೈದು ಜನರನ್ನು ಎಳೆದು ದಡಕ್ಕೆ ಹಾಕಿದ್ದರು. ಒಬ್ಬಳು ಸಿಕ್ಕಿರಲಿಲ್ಲ. ಮೀನು ಮಾರಿ ಮನೆಗೆ ಹೊರಟಿದ್ದ ಗಿರಿಜಕ್ಕ.

ಕಡವಿನಲ್ಲಿ ಹುಟ್ಟು, ಹಗ್ಗ ಇಡುವ ಮಾಡಿನ ಕೋಣೆಯೊಳಗೆ ಸಂಜೀವ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ಹೊರಗೆ ಐವತ್ತು ಜನ. ಕೆಲವರ ಕೈಯಲ್ಲಿ ಹುಟ್ಟು, ಕೆಲವರ ಕೈಯಲ್ಲಿ ಬಿದಿರು. ಬಾಗಿಲಿನ ಮೆಟ್ಟಿಲ ಮೇಲೆ ಐತಪ್ಪ ಕೂತಿದ್ದ. ಹುಡುಕಲು ಮೂರು ಸಲ ಹೊಳೆಗೆ ಹೋಗಿ ಬಂದವನು, ಮೈಯಿಂದ ಇನ್ನೂ ನೀರು ಇಳಿಯುತ್ತಿತ್ತು.

“ಏಳು ಐತಪ್ಪಣ್ಣ,” ಎಂದ ಒಬ್ಬ. “ನಿನ್ನ ಮೇಲೆ ನಮಗೆ ಎಂತದೂ ಇಲ್ಲ. ಅವನನ್ನು ಹೊರಗೆ ಕಳಿಸು.”

“ಹೊಡೆಯುವುದಾದರೆ ನಾಳೆ ಹೊಡೆಯಿರಿ. ಈಗ ನೀರಿನಲ್ಲಿ ಒಬ್ಬಳು ಉಂಟು. ಬೆಳಕು ಇರುವಾಗ ದೋಣಿ ಹತ್ತಿ, ಹುಡುಕಿ.”

ಯಾರೂ ಅಲುಗಲಿಲ್ಲ. ಬಿದಿರು ಹಿಡಿದವನು ಒಂದು ಹೆಜ್ಜೆ ಮುಂದೆ ಬಂದ. ಐತಪ್ಪ ಏಳಲಿಲ್ಲ, ಒಂದೇ ಕಣ್ಣಿನಿಂದ ಅವನನ್ನು ನೋಡುತ್ತಾ ಕೂತ. ಕೊನೆಗೆ ಯಾರೋ ಹಿಂದಿನಿಂದ “ಬಾ, ದೋಣಿ ತೆಗೆ” ಎಂದರು, ನಾಲ್ಕೈದು ಜನ ನೀರಿನ ಕಡೆ ತಿರುಗಿದರು. ಉಳಿದವರು ಅಲ್ಲೇ ನಿಂತರು, ಆದರೆ ಬಿದಿರು ಕೆಳಗಿಳಿಯಿತು.

ನಾನು ಮಾಡಿನೊಳಗೆ ಹೋದೆ. ಸಂಜೀವ ತಲೆ ಎತ್ತಿದ.

“ಭಾವ ಯಾಕೆ ಜೊತೆಯಲ್ಲಿ ಇರಲಿಲ್ಲ? ಒಬ್ಬನೇ ಯಾಕೆ ದೋಣಿ ಬಿಟ್ಟೆ?” ಎಂದೆ. ಎಂಥ ಪ್ರಶ್ನೆ.

“ಭಾವ ಬಿಟ್ಟು ಹೋಗಿ ವರ್ಷ ಆಯ್ತಲ್ಲ ಪೊರ್ಬುಗಳೇ. ‘ನೀನು ಎಂತಕ್ಕೆ ಮಾರಾಯ, ಅವನಿಗೆ ಒಬ್ಬನಿಗೇ ಆಗ್ತದಲ್ಲ’ ಅಂತ ಜನ ಭಾವನಿಗೆ ಹೇಳುವುದು. ದಿನಾ ಹೇಳುವುದು. ಅವರು ಬಲೆ ದೋಣಿಗೆ ಸೇರಿದರು. ನಾನು ನಿಲ್ಲಿ ಅಂತ ಹೇಳ್ಲಿಲ್ಲ. ನನಗೂ ಆಗ್ತದೆ ಅಂತ ಅನಿಸಿತ್ತು. ಇವತ್ತು ಬಿಡುವುದಿಲ್ಲ ಅಂತಲೇ ಇದ್ದೆ. ‘ಧೀರ ಸಂಜೀವನಿಗೆ ಹೆದರಿಕೆಯೋ’ ಅಂತ ನಗಾಡಿದರು. ಪೇಪರ್ ಅಲ್ಲಿ ಗೋಡೆಯಲ್ಲಿ ಉಂಟಲ್ಲ. ಅದರ ಎದುರು ನಿಂತು ಹೆದರಿಕೆ ಅಂತ ಹೇಗೆ ಹೇಳುವುದು?”

ಹೊರಗೆ ಬಂದಾಗ ಚಾದಂಗಡಿಯ ಮುಂದೆ ಗಿರಿಜಕ್ಕನ ಮಗಳು ಕಮಲ ನಿಂತಿದ್ದಳು. ಹೆಂಚಿನ ಕಾರ್ಖಾನೆಯ ಕೆಲಸದಿಂದ ಹಾಗೇ ಓಡಿ ಬಂದವಳು, ಕೈಯಲ್ಲೆಲ್ಲ ಕೆಂಪು ಮಣ್ಣು. ನಾನು ಪತ್ರಿಕೆಯವನು ಎಂದು ಯಾರೋ ಹೇಳಿರಬೇಕು.

“ಅಮ್ಮನಿಗೆ ಓದ್ಲಿಕ್ಕೆ ಬರುವುದಿಲ್ಲ,” ಎಂದಳು. “ಅದನ್ನು ನಾನೇ ಓದಿ ಹೇಳಿದ್ದು. ಒಬ್ಬನೇ ದಾಟಿಸ್ತಾನೆ ಅಂತ. ಮತ್ತೆ ಅಮ್ಮ ಬೇರೆ ದೋಣಿ ಹತ್ತುತ್ತಲೇ ಇರಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗಿರಿಜಕ್ಕನ ದೇಹ ಅಳಿವೆಯ ಮರಳಿನಲ್ಲಿ ಸಿಕ್ಕಿತು. ಅಂದೇ ನಾನು ಮತ್ತೆ ಕಡವಿಗೆ ಹೋದೆ. ರಾಯರು ಕಳಿಸಿದ್ದರು. ಐತಪ್ಪ ಈ ವಾರದ ಧೀರ, ಫೋಟೋ ತೆಗೆಸಿ ಬನ್ನಿ ಎಂದಿದ್ದರು. ನಾನು ವಿಷಯ ಹೇಳುತ್ತಿದ್ದಂತೆ ಐತಪ್ಪ ಫೋಟೋಗ್ರಾಫರಿಗೆ ಬೆನ್ನು ಹಾಕಿದ.

“ಆವತ್ತು ನನ್ನನ್ನು ಕತ್ತರಿಸಿದ್ರಿ, ನಾನು ಎಂತ ಹೇಳ್ಲಿಲ್ಲ,” ಎಂದ. “ಈಗ ನನ್ನನ್ನು ಹಾಕಿ ಅವನನ್ನು ಕತ್ತರಿಸುವುದು ಬೇಡ. ನಾನು ಸಿಟ್ಟಿನಲ್ಲಿ ಬಿಟ್ಟು ಹೋದದ್ದು ಸರಿಯಾ? ಅದನ್ನು ಯಾರು ಬರೆಯುವುದು? ಬರೆಯುವುದಾದರೆ ಇಬ್ಬರನ್ನೂ ಬರೆಯಿರಿ ಪೊರ್ಬುಗಳೇ. ಇಲ್ಲದಿದ್ರೆ ಬೇಡ.”

ಶನಿವಾರ ಮಧ್ಯಾಹ್ನದೊಳಗೆ ಪುಟ ಮುಗಿಯಬೇಕು. ಸಂಜೀವ ಪೊಲೀಸರ ಕೈಯಲ್ಲಿದ್ದ. ತೊಕ್ಕೊಟ್ಟು ಪೇಟೆಯಲ್ಲಿ ಜನ ಗುಂಪುಗಟ್ಟಿ ಅವನ ಮನೆಗೆ ನುಗ್ಗುವ ಮಾತಾಡುತ್ತಿದ್ದರು. ಮನೆಯಲ್ಲಿ ಹೆಂಡತಿ ಇದ್ದಳು. ನಾವು ತಪ್ಪೆಲ್ಲ ಅವನದ್ದೇ ಎಂದು ಬರೆದರೆ ಗುಂಪು ಎದ್ದೇ ಬಿಡುತ್ತದೆ. ನಿಜ ಬರೆದರೆ ನನ್ನ ಕೆಲಸ ಹೋಗಬಹುದು. ಆಗ ನನ್ನ ಮನೆಯಲ್ಲೂ ಹೆಂಡತಿ, ಎರಡು ತಿಂಗಳ ಮಗಳು. ಬೆಳಿಗ್ಗೆಯಿಂದ ನಾಲ್ಕು ಸಲ ಬರೆದು ಹರಿದೆ. ಐದನೆಯ ಸಲ ಬರೆದದ್ದನ್ನು ರಾಯರ ಮುಂದಿಟ್ಟೆ.

ಚಿತ್ರದಲ್ಲಿ ಇಬ್ಬರಿದ್ದರು, ದೋಣಿಯಲ್ಲೂ ಇಬ್ಬರಿದ್ದರು ಎಂದು ಅದರಲ್ಲಿತ್ತು. ಸಂಪಾದಕರ ಸೂಚನೆಯಂತೆ ಬ್ಲಾಕ್ ಕತ್ತರಿಸಲಾಯಿತು, ‘ಒಬ್ಬನೇ’ ಎಂಬ ಪದ ನನ್ನದು, ಆ ಸುಳ್ಳನ್ನು ನಂಬಿ ಜನ ಹತ್ತಿದರು, ಆ ಸುಳ್ಳಿಗೆ ಅಂಜಿ ಸಂಜೀವ ದೋಣಿ ಬಿಟ್ಟ ಎಂದಿತ್ತು.

ರಾಯರು ಎರಡು ಸಲ ಓದಿದರು. ಕೆಳಗೆ ಯಂತ್ರ ತಯಾರಾಗಿ ನಿಂತಿತ್ತು. ಬಾಬಣ್ಣ ಬಾಗಿಲಲ್ಲಿ ಬಂದು ನೋಡಿ ಹೋದ.

“ಪತ್ರಿಕೆ ತಪ್ಪಾಯ್ತು ಅಂದ್ರೆ ನಾಳೆಯಿಂದ ನಮ್ಮನ್ನು ಯಾರು ನಂಬ್ತಾರೆ?” ಎಂದರು.

“ನಂಬಿದ್ದಕ್ಕೇ ಅಲ್ವಾ ಸರ್ ಅವಳು ಹೋದದ್ದು.”

ಅಂಥ ಮಾತನ್ನು ನಾನು ಅವರಿಗೆ ಯಾವತ್ತೂ ಆಡಿರಲಿಲ್ಲ. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಅವರು ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದರು. ಇಡೀ ಹಾಳೆಗೆ ಗೆರೆ ಎಳೆಯುತ್ತಾರೆ ಎಂದು ಕಾದೆ. ಎರಡೇ ಪದದ ಮೇಲೆ ಎಳೆದರು. ‘ಸಂಪಾದಕರ ಸೂಚನೆಯಂತೆ’.

“ಇಷ್ಟು ಬಿಟ್ಟುಬಿಡಿ ಪೊರ್ಬುಗಳೇ,” ಎಂದರು. “ಉಳಿದದ್ದು ಹಾಗೇ ಹೋಗಲಿ.”

ಪೊಲೀಸರ ಲಾಠಿಗೆ ಬೆನ್ನು ಕೊಟ್ಟ ಮನುಷ್ಯ, ಎರಡು ಪದಕ್ಕೆ ನನ್ನ ಹತ್ತಿರ ಬೇಡಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು, ಅಳುವೂ ಬಂತು. ಬಾಲ್ದಿ ಹಿಡಿದು ಅಂಗಳದಲ್ಲಿ ನಿಂತ ಲಿಲ್ಲಿ ಟೀಚರ ಅಪ್ಪ ನೆನಪಾದರು. ನಾನು “ಆಯ್ತು ಸರ್” ಎಂದೆ.

ಬಾಬಣ್ಣ ಲೋಹವನ್ನು ಎಸೆಯುವವನಲ್ಲ. ಕೊಯ್ದ ತುಂಡುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದ. ಇಬ್ಬರೂ ಕೂತು ಡಬ್ಬಿ ಸುರುವಿ ಹುಡುಕಿದೆವು. ಯಾರದೋ ಕೈ, ಯಾರದೋ ಅರ್ಧ ಪೇಟ, ಯಾವುದೋ ಮದುವೆಯ ಮಾವ, ಕೊನೆಗೆ ಐತಪ್ಪ. ಅದನ್ನೂ ಸಂಜೀವನ ಹಳೆಯ ಬ್ಲಾಕನ್ನೂ ಪಕ್ಕಪಕ್ಕ ಇಟ್ಟು ಎರಡು ಕಾಲಂ ಜಾಗದಲ್ಲಿ ಬಿಗಿದೆವು. ಅಚ್ಚಾದಾಗ ಇಬ್ಬರ ನಡುವೆ ಗರಗಸ ತಿಂದಷ್ಟು ಜಾಗ ಬಿಳಿ ಗೆರೆಯಾಗಿ ಉಳಿಯಿತು. ಗಿರಿಜಕ್ಕನ ಚಿತ್ರವನ್ನೂ ಹಾಕಬೇಕೆಂದಿದ್ದೆ. ಅವಳದ್ದು ಯಾರೂ ಯಾವತ್ತೂ ತೆಗೆದಿರಲಿಲ್ಲ.

ಸಂಜೀವನ ಮನೆಗೆ ಜನ ನುಗ್ಗಲಿಲ್ಲ. ಅವನು ಮತ್ತೆ ಹುಟ್ಟು ಮುಟ್ಟಲಿಲ್ಲ. ಮುಂದೆ ರಸ್ತೆಯ ಸೇತುವೆಯ ಕೆಲಸ ಶುರುವಾದಾಗ ಕಲ್ಲು ಹೊರುವವರ ಜೊತೆ ಸೇರಿಕೊಂಡ. ‘ವಾರದ ಧೀರ’ ಆ ಭಾನುವಾರಕ್ಕೆ ಮುಗಿಯಿತು. ನಿಲ್ಲಿಸಿ ಎಂದು ರಾಯರೂ ಹೇಳಲಿಲ್ಲ, ನಾನೂ ಹೇಳಲಿಲ್ಲ; ಮುಂದಿನ ಶನಿವಾರ ಇಬ್ಬರಿಗೂ ಅದರ ಮಾತೆತ್ತಲು ಆಗಲಿಲ್ಲ. ಲಿಲ್ಲಿ ಟೀಚರ ಕತೆಯನ್ನು ಅವರು ಬರೆದ ಕೊನೆಯೊಂದಿಗೇ ಮತ್ತೆ ಹಾಕಿದೆ, ಕ್ಷಮೆಯನ್ನೂ ಕೇಳಿದೆ. ಅವರು ಉತ್ತರ ಬರೆಯಲಿಲ್ಲ. ಆ ಮೇಲೆ ಬಸ್ಸಿಗೆ ಕಾಯುವ ಗುಮಾಸ್ತರನ್ನೆಲ್ಲ ಧಾರಾಳವಾಗಿ ಅಚ್ಚು ಹಾಕಿದೆ. ಭಾನುವಾರದ ಪುಟ ಸಪ್ಪೆಯಾಯಿತು ಎಂದು ಓದುಗರು ದೂರಿದರು. ಸಪ್ಪೆಯಾದದ್ದು ನಿಜ, ಬೆಂಕಿಗೆ ಹಾರುವವನಿಗಾಗಿ ನನಗೂ ಆಸೆಯಾಗುತ್ತಿತ್ತು.

ಇಷ್ಟನ್ನು ಹೇಗೋ ಹೇಳಿಬಿಟ್ಟೆ. ಹೇಳದೆ ಉಳಿಸಿಕೊಂಡದ್ದು ಇನ್ನು ಸ್ವಲ್ಪ ಉಂಟು.

ಆ ಬರಹ ಬಂದ ಮೇಲೆ ಕಚೇರಿಗೆ ರಾಶಿ ಕಾಗದ ಬಂದವು. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಪತ್ರಕರ್ತ, ಎಂಥ ಧೈರ್ಯ ಎಂದು. ಒಂದು ಸಂಘದವರು ಶಾಲು ಹೊದೆಸಲು ಬಂದರು. ಶಾಲು ಬೇಡ ಎಂದೆ, ಕಾಗದಗಳನ್ನು ಮಾತ್ರ ಜೋಪಾನವಾಗಿ ಕಟ್ಟಿಟ್ಟೆ. ಈಗಲೂ ನನ್ನ ಹತ್ತಿರ ಉಂಟು. ರಾಯರು ನಿವೃತ್ತರಾಗುವವರೆಗೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ನನ್ನ ಕಣ್ಣನ್ನು ನೇರವಾಗಿ ನೋಡಲೂ ಇಲ್ಲ.

ತಿಂಗಳು ಕಳೆದು ಐತಪ್ಪ ಕಚೇರಿಗೆ ಬಂದ. ಅವನಿಗೆ ಅಲ್ಪಸ್ವಲ್ಪ ಓದಲು ಬರುತ್ತಿತ್ತು. ಮಡಚಿದ ಪತ್ರಿಕೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ, ಬಿಳಿ ಗೆರೆಯ ಮೇಲೆ ಬೆರಳಿಟ್ಟ.

“ಇದು ಎಂತ?”

“ಗರಗಸದ್ದು. ಅಳಿಸ್ಲಿಕ್ಕೆ ಆಗಲಿಲ್ಲ.”

“ಇರ್ಲಿ,” ಎಂದ. ಆಮೇಲೆ ಬೆರಳು ನಿಧಾನವಾಗಿ ಕೆಳಗಿನ ಸಾಲುಗಳ ಮೇಲೆ ಹರಿಯಿತು. ಪದ ಪದ ಹಿಡಿದು ಓದಿದ. ಓದಿ ಮುಗಿಸಿ ಒಳ್ಳೆಯ ಕಣ್ಣನ್ನು ನನ್ನ ಮೇಲೆ ನಿಲ್ಲಿಸಿದ.

“ಇದೆಲ್ಲ ನೀವು ಒಬ್ಬರೇ ಮಾಡಿದ್ದಾ ಪೊರ್ಬುಗಳೇ? ಜೊತೆಯಲ್ಲಿ ಯಾರೂ ಇರ್ಲಿಲ್ವಾ?”

ಗಾಜಿನ ಬಾಗಿಲಿನ ಆಚೆ ರಾಯರು ತಲೆ ಬಗ್ಗಿಸಿ ಬರೆಯುತ್ತಿದ್ದರು.

“ಇರಲಿಲ್ಲ,” ಎಂದೆ.

ಐತಪ್ಪ ಪತ್ರಿಕೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವನು ನಂಬಲಿಲ್ಲ ಎಂದು ನನಗೆ ಗೊತ್ತು. ಈಗ ಅವನೂ ಇಲ್ಲ, ರಾಯರೂ ಇಲ್ಲ. ‘ಸಂಪಾದಕರ ಸೂಚನೆಯಂತೆ’ ಎಂಬ ಆ ಎರಡು ಪದವನ್ನು ನಾನು ಇಲ್ಲಿ ಮತ್ತೆ ಸೇರಿಸಿದ್ದೇನೆ. ಐತಪ್ಪಣ್ಣಾ, ನಾವೂ ಇಬ್ಬರಿದ್ದೆವು.